ಈ ಸಾಲಿ ಛಲೋ ಅದ ಏನ್ರಿ?

ಮೇ 2, 2025. ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. ದಕ್ಷಿಣ ಕನ್ನಡ ಶೇ. 91.12, ಮೊದಲ ಸ್ಥಾನ. ಉಡುಪಿ ಶೇ. 89.96, ಎರಡನೇ ಸ್ಥಾನ. ಹೀಗೇ ಕೆಳಗೆ ಇಳಿಯುತ್ತಾ ಬಂದರೆ ಪಟ್ಟಿಯ ಕಟ್ಟಕಡೆಗೆ ಕಲಬುರಗಿ, ಶೇ. 42.43. ಅಂದ್ರೆ ನೂರು ಮಕ್ಕಳು ಪರೀಕ್ಷೆಗೆ ಕೂತರೆ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಫೇಲು.

ಈ ಅಂಕಿಯನ್ನು ನಾನು ಸಣ್ಣದು ಮಾಡಲು ಹೊರಟಿಲ್ಲ. ಹತ್ತಾರು ಸಾವಿರ ಮಕ್ಕಳು ಬರೆದ ಪರೀಕ್ಷೆಯ ಅಂಕಿ ಅದು. ಅದೃಷ್ಟ ಕೆಟ್ಟಿತ್ತು, ಪ್ರಶ್ನೆಪತ್ರಿಕೆ ಕಷ್ಟ ಇತ್ತು ಅಂತ ಹೇಳಿ ದಾಟಿಕೊಳ್ಳುವಂಥದ್ದಲ್ಲ. ಜಿಲ್ಲೆಗೆ ಜ್ವರ ಬಂದಿದೆ ಅನ್ನೋದು ಖಾತ್ರಿ. ಆದರೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅದರ ಮುಂದಿನ ಹೆಜ್ಜೆಯ ಬಗ್ಗೆ. ಜಿಲ್ಲೆಯ ಅಂಕಿ ಬಂದ ಮೇಲೆ ಅದೇ ಅಳತೆಗೋಲು ಹಿಡಿದುಕೊಂಡು ಒಂದೊಂದು ಶಾಲೆಯ ಬಾಗಿಲಿಗೆ ಹೋಗುತ್ತಾರಲ್ಲ, ಆ ಹೆಜ್ಜೆ. ಈ ಶಾಲೆ ಶೇ. 80, ಒಳ್ಳೆಯದು. ಆ ಶಾಲೆ ಶೇ. 45, ಕೆಟ್ಟದ್ದು. ಇವರಿಗೆ ಸನ್ಮಾನ, ಅವರಿಗೆ ನೋಟಿಸ್. ಮುಗೀತು.

ಅಷ್ಟು ಸುಲಭ ಇಲ್ಲ ಸ್ವಾಮಿ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು ಒಂದು ಗಂಟೆಯೊಳಗೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಮೊದಲು ಕಲಬುರಗಿ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಸುತ್ತ ಹಳ್ಳಿಗಳು, ತಾಂಡಾಗಳು, ತೊಗರಿ ಹೊಲಗಳು. ಅಲ್ಲಿಯ ತಂದೆ ತಾಯಂದಿರ ಮುಂದೆ ಈಗ ಒಂದು ಪ್ರಶ್ನೆ ಇದೆ. ಏಳನೇ ಕ್ಲಾಸು, ಎಂಟನೇ ಕ್ಲಾಸು ಮುಗಿಸಿದ ಮಗಳನ್ನು ಊರ ಹತ್ತಿರದ ಸಣ್ಣ ಸರ್ಕಾರಿ ಹೈಸ್ಕೂಲಿಗೆ ಹಾಕಬೇಕೋ, ಕಲಬುರಗಿ ಸಿಟಿಗೆ ಕಳಿಸಬೇಕೋ? 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆ, ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಹಾಗಾಗಿ ಪ್ರಶ್ನೆ ಒಂದೇ ಉಳೀತು. ಅವರ ಮಾತಿನಲ್ಲೇ ಹೇಳುವುದಾದರೆ, "ಈ ಸಾಲಿ ಛಲೋ ಅದ ಏನ್ರಿ?"

ಎಂಥಾ ಸರಳ ಪ್ರಶ್ನೆ! ಇದಕ್ಕೆ ನಮ್ಮ ವ್ಯವಸ್ಥೆ ಕೊಡುವ ಉತ್ತರ ಒಂದೇ ಒಂದು ಅಂಕಿ. ಆ ಅಂಕಿ ಎಷ್ಟು ಗಟ್ಟಿ, ನೋಡೋಣ ಬನ್ನಿ.

ಲೆಕ್ಕಕ್ಕೆ ಒಂದು ಶಾಲೆ ಹಿಡಿದುಕೊಳ್ಳಿ. ಹತ್ತನೇ ಕ್ಲಾಸಿನಲ್ಲಿ ಇಪ್ಪತ್ತೇ ಮಕ್ಕಳು. ಅಲ್ಲಿ ಒಂದು ಮಗು ಅಂದರೆ ಶೇ. 5. ಹೋದ ವರ್ಷ ಹದಿಮೂರು ಮಕ್ಕಳು ಪಾಸಾಗಿದ್ದರು, ಶೇ. 65. ಈ ವರ್ಷ ಒಂಬತ್ತು, ಶೇ. 45. 'ಫಲಿತಾಂಶ ಶೇ. 20ರಷ್ಟು ಕುಸಿತ' ಅಂತ ಸುದ್ದಿಯಾಗುತ್ತದೆ. ನಿಜಕ್ಕೂ ಆಗಿದ್ದು ಏನು? ನಾಲ್ಕು ಮಕ್ಕಳು. ಒಬ್ಬಳಿಗೆ ಪರೀಕ್ಷೆ ದಿನ ಜ್ವರ. ಒಬ್ಬನ ಮನೆಯವರು ದೀಪಾವಳಿ ಮುಗಿಸಿ ಪುಣೆಗೆ ಗುಳೆ ಹೋದವರು ಫೆಬ್ರುವರಿಯಲ್ಲಿ ವಾಪಸು ಬಂದರು. ಇನ್ನಿಬ್ಬರು ಗಣಿತದಲ್ಲಿ ಎರಡು ಮೂರು ಅಂಕಕ್ಕೆ ಬಿದ್ದರು. ಅಷ್ಟೇ! ಇದೇ ನಾಲ್ಕು ಮಕ್ಕಳು ಸಿಟಿಯ ಇನ್ನೂರು ಮಕ್ಕಳ ಶಾಲೆಯಲ್ಲಿ ಬಿದ್ದಿದ್ದರೆ ಶೇ. 2 ಕಡಿಮೆ ಆಗುತ್ತಿತ್ತು. ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಇದು ಬರೀ ಕಮಲಾಪುರದ ಕತೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಶಾಲೆಗಳ ಅಂಕಗಳನ್ನು ಹೊವಾರ್ಡ್ ವೈನರ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ನೋಡಿದರು. ಪಟ್ಟಿಯ ತುತ್ತತುದಿಯಲ್ಲಿ ಸಣ್ಣ ಶಾಲೆಗಳು ಲೆಕ್ಕಕ್ಕಿಂತ ಹೆಚ್ಚಿದ್ದವು. ಸಣ್ಣ ಶಾಲೆಯೇ ಶ್ರೇಷ್ಠ ಅಂದುಕೊಂಡು ಅಲ್ಲಿಯ ದೊಡ್ಡ ದೊಡ್ಡ ದಾನಿಗಳು ಸಣ್ಣ ಶಾಲೆಗಳಿಗೆ ಕೋಟ್ಯಂತರ ಡಾಲರ್ ಸುರಿದದ್ದೂ ಉಂಟು. ಆದರೆ ವೈನರ್ ಪಟ್ಟಿಯ ತಳವನ್ನೂ ನೋಡಿದರು. ಅಲ್ಲೂ ಸಣ್ಣ ಶಾಲೆಗಳೇ ಹೆಚ್ಚು! ಕಾರಣ ಗೊತ್ತಾಯ್ತಲ್ಲ? ಮಕ್ಕಳ ಸಂಖ್ಯೆ ಕಡಿಮೆ ಇದ್ದಲ್ಲಿ ಶೇಕಡಾವಾರು ಉಯ್ಯಾಲೆಯ ಹಾಗೆ ತೂಗುತ್ತದೆ. ಒಂದು ವರ್ಷ ಮೇಲೆ, ಇನ್ನೊಂದು ವರ್ಷ ಕೆಳಗೆ. ಹಾಗಾಗಿ ಶೇ. 100 ಬಂದ ಸಣ್ಣ ಶಾಲೆಗೆ ಹಾರ ಹಾಕುವ ಮೊದಲೂ, ಶೇ. 30 ಬಂದ ಸಣ್ಣ ಶಾಲೆಗೆ ಬಯ್ಯುವ ಮೊದಲೂ ಒಂದು ಮಾತು ಕೇಳಬೇಕು. ಹಿಂದಿನ ಎರಡು ವರ್ಷ ಎಷ್ಟಿತ್ತು? ಮೂರು ವರ್ಷದ ಮಕ್ಕಳನ್ನು ಕೂಡಿಸಿ ಲೆಕ್ಕ ಮಾಡಿ. ಇಪ್ಪತ್ತರ ಬದಲು ಅರವತ್ತು ಮಕ್ಕಳ ಲೆಕ್ಕ ಸಿಗುತ್ತದೆ. ಅದು ಅಷ್ಟು ಬೇಗ ಅಲ್ಲಾಡುವುದಿಲ್ಲ. ಮೂರು ವರ್ಷವೂ ಪಕ್ಕದ ಊರುಗಳಿಗಿಂತ ಕೆಳಗೇ ಇದ್ದರೆ, ಆಗ ಸಂಖ್ಯೆ ಸಣ್ಣದಿತ್ತು ಅನ್ನುವ ನೆಪ ನಡೆಯುವುದಿಲ್ಲ.

ಅದರಲ್ಲೂ ಒಂದು ತೊಡಕಿದೆ. 2023ರಿಂದ 2025ರವರೆಗಿನ ಮೂರು ವರ್ಷದಲ್ಲಿ ಅಳತೆಗೋಲೇ ಎರಡು ಸಲ ಬದಲಾಯಿತು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ಧಡಾರನೆ ಬಿತ್ತು. ಕೃಪಾಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿದ ಮೇಲೂ ಬಂದದ್ದು ಶೇ. 73.40. 2025ರಲ್ಲಿ ಕ್ಯಾಮೆರಾ ಉಳೀತು, ಆ ಶೇ. 20ರ ಕೃಪೆ ಹೋಯಿತು. ಹಾಗಾಗಿ ಒಂದು ಶಾಲೆಯ 2023ರ ಅಂಕಿಯ ಪಕ್ಕ 2025ರ ಅಂಕಿ ಇಟ್ಟು 'ನೋಡಿ, ಮಾಸ್ತರು ಪಾಠ ಮಾಡೋದು ಬಿಟ್ಟರು' ಅನ್ನುವಂತಿಲ್ಲ. ಆಯಾ ವರ್ಷ ಅಕ್ಕಪಕ್ಕದ ಶಾಲೆಗಳ ಜೊತೆ ಹೋಲಿಸಬೇಕು. ಅದೇ ಕ್ಯಾಮೆರಾ, ಅದೇ ಪ್ರಶ್ನೆಪತ್ರಿಕೆ, ಅದೇ ಮಳೆ ಬೆಳೆ.

ಇನ್ನು ಎರಡನೇ ಪ್ರಶ್ನೆ. ಇದು ಎಲ್ಲಕ್ಕಿಂತ ಮುಖ್ಯ. ಶೇಕಡಾವಾರು ಅಂದಿರಲ್ಲ, ಯಾರ ಶೇಕಡಾವಾರು?

ಮತ್ತೆ ಲೆಕ್ಕಕ್ಕಾಗಿ ಎರಡು ಶಾಲೆ. ಎರಡರಲ್ಲೂ ಎಂಟನೇ ಕ್ಲಾಸಿಗೆ ಮೂವತ್ತು ಮಕ್ಕಳು ಸೇರಿದರು. ಒಂದನೇ ಶಾಲೆಯಲ್ಲಿ ಹತ್ತರ ಪರೀಕ್ಷೆ ಬರೆದವರು ಹದಿನಾರು, ಪಾಸಾದವರು ಹದಿನಾಲ್ಕು. ಫಲಿತಾಂಶ ಶೇ. 87.5. ಎರಡನೇ ಶಾಲೆಯಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಬರೆದರು, ಹದಿನೇಳು ಪಾಸಾದರು. ಫಲಿತಾಂಶ ಶೇ. 58.6. ಯಾವುದು ಒಳ್ಳೆಯ ಶಾಲೆ? ಪಟ್ಟಿ ಹೇಳುತ್ತದೆ, ಒಂದನೆಯದು. ನಾನು ಕೇಳುತ್ತೇನೆ, ಆ ಉಳಿದ ಹದಿನಾಲ್ಕು ಮಕ್ಕಳು ಎಲ್ಲಿ ಹೋದರು? ಒಂಬತ್ತನೇ ಕ್ಲಾಸು ಮುಗಿದಾಗ ಟಿಸಿ ಕೊಟ್ಟರೋ? ಹಾಜರಾತಿ ಶೇ. 75 ಇಲ್ಲ ಅಂತ ಕೈಬಿಟ್ಟರೋ? ಖಾಸಗಿ ಅಭ್ಯರ್ಥಿಯಾಗಿ ಕಟ್ಟು ಅಂದರೋ? ಮದುವೆ ಆಯಿತೋ? ಮುಂಬೈಗೆ ಗೌಂಡಿ ಕೆಲಸಕ್ಕೆ ಹೋದರೋ? ಮೂವತ್ತು ಮಕ್ಕಳನ್ನು ಒಪ್ಪಿಸಿದರೆ ಹದಿನಾಲ್ಕು ಮಕ್ಕಳನ್ನು ದಾಟಿಸಿದ ಶಾಲೆ ಮೇಲೆ, ಹದಿನೇಳು ಮಕ್ಕಳನ್ನು ದಾಟಿಸಿದ ಶಾಲೆ ಕೆಳಗೆ. ಇದೆಂಥಾ ನ್ಯಾಯ?

ಇದು ಬರೀ ಲೆಕ್ಕದ ಆಟ ಅಂದುಕೊಳ್ಳಬೇಡಿ. ಶೇಕಡಾವಾರು ಒಂದನ್ನೇ ಹಿಡಿದು ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡಲು ಶುರುಮಾಡಿದರೆ, ಪಾಠ ಸುಧಾರಿಸುವುದಕ್ಕಿಂತ ಸುಲಭದ ದಾರಿ ಒಂದು ತೆರೆದುಕೊಳ್ಳುತ್ತದೆ. ಬೀಳುವ ಹಾಗೆ ಕಾಣುವ ಮಗುವನ್ನು ಪರೀಕ್ಷೆಗೇ ಕೂರಿಸದಿರುವುದು! ಆ ಮಗು ಯಾರದ್ದಾಗಿರುತ್ತದೆ? ಡಾಕ್ಟರ ಮಗುವಲ್ಲ, ತಹಸೀಲ್ದಾರರ ಮಗುವಲ್ಲ. ತೊಗರಿ ರಾಶಿ ಹೊತ್ತಿಗೆ ಹೊಲಕ್ಕೆ ಹೋದ ಮಗು. ತಾಂಡಾದಲ್ಲಿ ಲಂಬಾಣಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಇಂಗ್ಲಿಷಿನ ಮುಂದೆ ತಡವರಿಸುವ ಮಗು. ಆ ಮಗುವನ್ನು ಇಟ್ಟುಕೊಂಡ ಶಾಲೆಗೆ ಬೈಗುಳ, ಹೊರಗೆ ಹಾಕಿದ ಶಾಲೆಗೆ ಶಾಲು. ಹೀಗಾದರೆ ಮುಂದಿನ ವರ್ಷ ಜಿಲ್ಲೆಯ ಅಂಕಿ ಏರಬಹುದು. ಮಕ್ಕಳು?

ಮೂರನೇ ಪ್ರಶ್ನೆ, ಸಬ್ಜೆಕ್ಟ್ ಪ್ರಕಾರ ಕೇಳಿ. ಎಸ್ಸೆಸ್ಸೆಲ್ಸಿಯಲ್ಲಿ ಆರು ವಿಷಯ. ಆರರಲ್ಲೂ ಬಿದ್ದ ಮಗುವೂ ಫೇಲು, ಐದರಲ್ಲಿ ಪಾಸಾಗಿ ಗಣಿತ ಒಂದರಲ್ಲೇ ಬಿದ್ದ ಮಗುವೂ ಫೇಲು. ಪಟ್ಟಿಯಲ್ಲಿ ಇಬ್ಬರೂ ಒಂದೇ. ಆದರೆ ವಿಷಯವಾರು ಹಾಳೆ ಬಿಡಿಸಿ ನೋಡಿದರೆ ಶಾಲೆಯ ಕತೆ ತಾನಾಗಿ ಹೊರಬರುತ್ತದೆ. ಕನ್ನಡದಲ್ಲಿ, ಸಮಾಜದಲ್ಲಿ ಎಲ್ಲರೂ ಪಾಸು, ಗಣಿತದಲ್ಲಿ ಅರ್ಧಕ್ಕರ್ಧ ಫೇಲು ಅಂದರೆ ಅದು ಮಕ್ಕಳ ಹಣೆಬರಹ ಅಲ್ಲ. ಮೊದಲು ಸ್ಟಾಫ್ ರೂಮಿಗೆ ಹೋಗಿ ನೋಡಿ, ಗಣಿತದ ಮೇಷ್ಟ್ರು ಇದ್ದಾರಾ?

ಸಣ್ಣ ಹೈಸ್ಕೂಲಿನಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬರೇ ಶಿಕ್ಷಕರು. ಗಣಿತ, ಭೌತಶಾಸ್ತ್ರ ಹೇಳಿಕೊಡುವುದು ಪಿಸಿಎಂ ಶಿಕ್ಷಕರು. ಆ ಒಂದು ಹುದ್ದೆ ಖಾಲಿ ಆಯಿತೋ, ಪೂರ್ತಿ ಗಣಿತ, ಅರ್ಧ ವಿಜ್ಞಾನ ಒಟ್ಟಿಗೇ ಹೋಯಿತು. ದೊಡ್ಡ ಶಾಲೆಯಲ್ಲಾದರೆ ಇನ್ನೊಬ್ಬರು ನಿಭಾಯಿಸುತ್ತಾರೆ. ಇಲ್ಲಿ ಇನ್ನೊಬ್ಬರೇ ಇಲ್ಲ. ಅತಿಥಿ ಶಿಕ್ಷಕರು ಬರಬೇಕು. ಅವರು ಜೂನ್‌ನಲ್ಲಿ ಬಂದರೋ, ಆಗಸ್ಟ್‌ನಲ್ಲಿ ಬಂದರೋ ಅನ್ನುವುದರ ಮೇಲೆ ಮಕ್ಕಳ ವರ್ಷ ನಿಂತಿದೆ. ಪೋಷಕರು ಕೇಳಬೇಕಾದ್ದು ಇದನ್ನು. ಸ್ಮಾರ್ಟ್ ಬೋರ್ಡ್ ಇದೆಯಾ ಅಂತಲ್ಲ. ವರ್ಷದಲ್ಲಿ ಎಷ್ಟು ದಿನ ಗಣಿತದ ಪಿರಿಯಡ್ ನಿಜವಾಗಿ ನಡೆಯಿತು ಅಂತ.

ಹುದ್ದೆ ತುಂಬುವುದು ಆ ಊರಿನ ಹೆಡ್‌ಮಾಸ್ತರ ಕೈಯಲ್ಲಿ ಇದೆಯಾ? ಇಲ್ಲ. ಅದು ಬೆಂಗಳೂರಿನ ಕೈಯಲ್ಲಿದೆ. ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ದಾಟಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗುತ್ತದೆ. ಆ ಮಂಡಳಿಯ ಕಚೇರಿ ಇರುವುದೇ ಕಲಬುರಗಿ ನಗರದಲ್ಲಿ. ಕೊಠಡಿ ಬೇಕು, ಕಾಂಪೌಂಡ್ ಬೇಕು, ಶೌಚಾಲಯ ಖಂಡಿತಾ ಬೇಕು. ಆದರೆ ಹೊಸ ಕೊಠಡಿಯಲ್ಲಿ ನಿಂತು ಪಾಠ ಮಾಡುವವರು ಇಲ್ಲದಿದ್ದರೆ, ಮಾರ್ಚ್‌ನಲ್ಲಿ ಫೇಲಾಗುವುದು ಮಕ್ಕಳು, ಮೇನಲ್ಲಿ ನೋಟಿಸ್ ಬರುವುದು ಮಾಸ್ತರಿಗೆ. ಹುದ್ದೆ ಖಾಲಿ ಬಿಟ್ಟವರಿಗೆ ನೋಟಿಸ್ ಕೊಡೋರು ಯಾರು?

ನಾಲ್ಕನೆಯದು. ಮಗು ಎಂಟನೇ ಕ್ಲಾಸಿಗೆ ಕಾಲಿಟ್ಟಾಗ ಅದಕ್ಕೆ ಏನು ಗೊತ್ತಿತ್ತು? ಸಿಟಿಯಲ್ಲಿ ಟೆಸ್ಟ್ ಇಟ್ಟು, ಆರಿಸಿ ಸೇರಿಸಿಕೊಳ್ಳುವ ಖಾಸಗಿ ಶಾಲೆಗಳಿವೆ. ಓದುವ ಮಕ್ಕಳನ್ನೇ ತೆಗೆದುಕೊಂಡು ಶೇ. 95 ತಂದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಮಗುವಿನ ಪಾಲೆಷ್ಟು, ಮನೆಯ ಟ್ಯೂಷನ್ ಪಾಲೆಷ್ಟು? ಸರ್ಕಾರಿ ಶಾಲೆ ಬಾಗಿಲಿಗೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಭಾಗಾಕಾರ ಬಾರದ ಮಗುವೂ ಬರುತ್ತದೆ. ವರ್ಷದ ಆರಂಭಕ್ಕೆ ಸೇತುಬಂಧ ಅಂತ ಮಾಡುತ್ತಾರೆ. ಮೊದಲೊಂದು ಪರೀಕ್ಷೆ, ಪಾಠ, ಕೊನೆಗೆ ಇನ್ನೊಂದು ಪರೀಕ್ಷೆ. ಆ ದಾಖಲೆ ಶಾಲೆಯಲ್ಲೇ ಇರಬೇಕು. ಅದನ್ನು ತೆಗೆಸಿ ನೋಡಿ. ಭಾಗಾಕಾರ ಬಾರದೆ ಬಂದ ಮಗು ಎರಡು ವರ್ಷದ ಮೇಲೆ ಬೀಜಗಣಿತದ ಲೆಕ್ಕ ಬಿಡಿಸುತ್ತಿದೆ ಅಂದರೆ, ಅದು ಅಂಚಿನಲ್ಲಿ ಪಾಸಾಗಿರಲಿ, ಆ ಶಾಲೆ ಛಲೋ ಸಾಲಿ. ಆ ದಾಖಲೆ ಬರೀ ಫೈಲಿಗಾಗಿ ಬರೆದದ್ದು ಅಂತ ಕಂಡರೆ, ಅದೂ ಒಂದು ಉತ್ತರವೇ.

ಕೊನೆಯದು, ಬಿದ್ದ ಮಕ್ಕಳು ಈಗ ಎಲ್ಲಿದ್ದಾರೆ? 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು. 2025ರ ಮೇ 2ರಂದು ನಾವು ನೀವು ನೋಡಿದ್ದು ಪರೀಕ್ಷೆ-1ರ ಅಂಕಿ ಮಾತ್ರ. ಪರೀಕ್ಷೆ-2, ಪರೀಕ್ಷೆ-3 ಆಗ ಇನ್ನೂ ಇದ್ದವು. ಅವುಗಳ ಫಲಿತಾಂಶಕ್ಕೆ ಅಷ್ಟು ಸದ್ದು ಇರುವುದಿಲ್ಲ, ಸನ್ಮಾನವೂ ಇರುವುದಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ? ಆ ಬಿಸಿಲಿನಲ್ಲಿ ಮನೆಮನೆಗೆ ಹೋಗಿ, 'ಇನ್ನೊಂದು ಸಲ ಕಟ್ಟು, ನಾನು ಹೇಳಿಕೊಡ್ತೀನಿ ಬಾ' ಅಂತ ಬಿದ್ದ ಮಗುವನ್ನು ಕರೆತರುವ ಶಿಕ್ಷಕರು ಇದ್ದರೆ, ಶೇಕಡಾವಾರು ಎಷ್ಟೇ ಇರಲಿ, ಅಂಥವರ ಕೈಗೆ ಮಗುವನ್ನು ಒಪ್ಪಿಸಬಹುದು. ಫಲಿತಾಂಶದ ಮರುದಿನವೇ ಬಿದ್ದವರನ್ನು ಮರೆತ ಶಾಲೆ ಶೇ. 90 ತಂದಿದ್ದರೂ ನಿಮ್ಮ ಮಗಳು ಆ ಹತ್ತರಲ್ಲಿ ಒಬ್ಬಳಾದರೆ ಏನು ಮಾಡುತ್ತೀರಿ?

ಹಾಗಾದರೆ ಸಣ್ಣ ಶಾಲೆಗಳೆಲ್ಲ ಒಳ್ಳೆಯವು ಅಂತ ನಾನು ಹೇಳುತ್ತಿದ್ದೇನಾ? ಖಂಡಿತಾ ಇಲ್ಲ. ಐದೂ ಪ್ರಶ್ನೆಗಳಲ್ಲಿ ಬೀಳುವ ಶಾಲೆಗಳಿರುತ್ತವೆ. ಶಿಕ್ಷಕರು ಇದ್ದೂ ಪಾಠ ಆಗದಿದ್ದರೆ, ಮೂರು ವರ್ಷವೂ ಅದೇ ಗತಿಯಾದರೆ, ಬಿಗಿಯಾಗಿಯೇ ಕೇಳಿ. ಎಸ್‌ಡಿಎಂಸಿ ಸಭೆ ಇರುವುದು ಸಹಿ ಹಾಕಿ ಚಹಾ ಕುಡಿಯೋಕಲ್ಲ. ಬೆರಳೊತ್ತುವ ತಾಯಿಗೂ ಅಲ್ಲಿ ಕೇಳುವ ಹಕ್ಕಿದೆ. ಎಂಟಕ್ಕೆ ಎಷ್ಟು ಮಕ್ಕಳು ಸೇರಿದರು, ಹತ್ತಕ್ಕೆ ಎಷ್ಟು ಉಳಿದರು, ಯಾವ ವಿಷಯಕ್ಕೆ ಮಾಸ್ತರಿಲ್ಲ, ಸೇತುಬಂಧದಲ್ಲಿ ಏನು ಗೊತ್ತಾಯಿತು, ಬಿದ್ದವರು ಎಲ್ಲಿ? ಈ ಪ್ರಶ್ನೆ ಕೇಳಲು ಓದು ಬರಬೇಕಿಲ್ಲ.

ಅಧಿಕಾರಿಗಳಿಗೆ ನನ್ನದು ಒಂದೇ ಮಾತು. ಮುಂದಿನ ಮೇನಲ್ಲಿ ಶಾಲೆಗಳ ಪಟ್ಟಿ ಮಾಡುವಾಗ ಪರೀಕ್ಷೆ ಬರೆದವರೆಷ್ಟು ಅನ್ನುವ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಎಂಟನೇ ಕ್ಲಾಸಿಗೆ ಸೇರಿದವರೆಷ್ಟು ಅಂತ. ಅದರ ಪಕ್ಕದಲ್ಲಿ ಮತ್ತೊಂದು, ಖಾಲಿ ಇದ್ದ ಹುದ್ದೆ ಎಷ್ಟು, ಎಷ್ಟು ತಿಂಗಳು ಖಾಲಿ ಇತ್ತು ಅಂತ. ಎರಡು ಕಾಲಂ, ಅಷ್ಟೇ. ಆಮೇಲೆ ಯಾರಿಗೆ ನೋಟಿಸ್ ಕೊಡಬೇಕು, ಯಾರಿಗೆ ಶಾಲು ಹೊದಿಸಬೇಕು ಅನ್ನೋದನ್ನು ಆ ಪಟ್ಟಿಯೇ ಹೇಳುತ್ತದೆ.