ಮಿಜೋ ಬೆಟ್ಟಗಳ ಬಂಡಾಯ ಮತ್ತು ಶಾಂತಿ



ನಮ್ಮ ದೇಶದ ಭೂಪಟವನ್ನು ತೆರೆದು ಈಶಾನ್ಯ ಮೂಲೆಯನ್ನು ನೋಡಿ. ಒಂದು ಕಡೆ ಬಾಂಗ್ಲಾದೇಶ, ಇನ್ನೊಂದು ಕಡೆ ಮ್ಯಾನ್ಮಾರ್. ಇವೆರಡರ ನಡುವೆ ದಕ್ಷಿಣಕ್ಕೆ ಚಾಚಿಕೊಂಡಿರುವ ಗುಡ್ಡಗಾಡಿನ ಪುಟ್ಟ ರಾಜ್ಯವೇ ಮಿಜೋರಾಂ. 1966ರ ಮಾರ್ಚ್ 1ರಂದು ಇಲ್ಲಿನ ಸಂಘಟನೆಯೊಂದು ತಮ್ಮ ನಾಡು ಭಾರತದಿಂದ ಬೇರೆಯಾಗಿ ಸ್ವತಂತ್ರವಾಗಿದೆ ಎಂದು ಘೋಷಿಸಿತು. ಇಪ್ಪತ್ತು ವರ್ಷಗಳ ನಂತರ ಅದೇ ಸಂಘಟನೆಯ ನಾಯಕರು ಭಾರತದ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವಚನ ಸ್ವೀಕರಿಸಿ ಮುಖ್ಯಮಂತ್ರಿಯಾದರು. ಈ ಬಂಡಾಯ ಏಕೆ ಹುಟ್ಟಿತು? ಸರ್ಕಾರ ಅದನ್ನು ಹೇಗೆ ಎದುರಿಸಿತು? ಶಾಂತಿ ಹೇಗೆ ಬಂತು? ಇವತ್ತಿನ ಮಾತು ಇದರ ಬಗ್ಗೆ.

ಕಥೆ ಆರಂಭವಾಗುವುದು ಒಂದು ಸಸ್ಯದಿಂದ. ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದ್ದು, ನಮ್ಮ ಭತ್ತ, ರಾಗಿ, ಕಬ್ಬುಗಳ ನೆಂಟ. ಅನೇಕ ಜಾತಿಯ ಬಿದಿರುಗಳು ಜೀವಮಾನದಲ್ಲಿ ಒಮ್ಮೆ ಮಾತ್ರ, ಅದೂ ಎಲ್ಲ ಒಟ್ಟಿಗೆ ಹೂಬಿಟ್ಟು ಸಾಯುತ್ತವೆ. ನಮ್ಮ ಮಲೆನಾಡಿನಲ್ಲೂ ಬಿದಿರು ಹೂಬಿಟ್ಟರೆ ಬರಗಾಲ ಎಂದು ಹಿರಿಯರು ಹೇಳುವುದುಂಟು. ಬಿದಿರಕ್ಕಿಯನ್ನು ಆರಿಸಿ ತಂದು ಅನ್ನ ಮಾಡುವುದೂ ಉಂಟು. ಮಿಜೋರಾಂನ ಕಾಡುಗಳನ್ನು ತುಂಬಿರುವುದು ಮೆಲೊಕನ್ನ ಎಂಬ ಜಾತಿ. ಅದು ಹೂಬಿಡುವುದು ಸುಮಾರು 48 ವರ್ಷಗಳಿಗೊಮ್ಮೆ. ಅದರ ಹಣ್ಣು ಕಾಳಿನಷ್ಟು ಚಿಕ್ಕದಲ್ಲ. ಪೇರ್ ಹಣ್ಣಿನಂತೆ ದೊಡ್ಡದು, ತಿರುಳುಳ್ಳದ್ದು. ಬೆಟ್ಟದ ತುಂಬ ಇಂಥ ಹಣ್ಣು ಬಿದ್ದಾಗ ಇಲಿಗಳಿಗೆ ಹಬ್ಬ. ಅವು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಹಣ್ಣು ಮುಗಿದ ಮೇಲೆ ಈ ಇಲಿಗಳ ಹಿಂಡು ಗುಡ್ಡದ ಭತ್ತದ ಹೊಲಗಳಿಗೂ ಕಣಜಗಳಿಗೂ ನುಗ್ಗುತ್ತದೆ. ಒಂದೇ ರಾತ್ರಿಯಲ್ಲಿ ಹೊಲ ಬರಿದಾಗುತ್ತದೆ. ಆಮೇಲೆ ಬರುವುದು ಕ್ಷಾಮ. ಮಿಜೋ ಜನ ಇದನ್ನು 'ಮೌತಾಮ್' ಎನ್ನುತ್ತಾರೆ. ಬಿದಿರಿನ ಸಾವು ಎಂದು ಅದರ ಅರ್ಥ.

1862ರಲ್ಲಿ ಮತ್ತು 1911ರಲ್ಲಿ ಮೌತಾಮ್ ಬಂದಿತ್ತು. ಹಿರಿಯರು ಲೆಕ್ಕ ಹಾಕಿ ಮುಂದಿನದು 1959ರ ಸುಮಾರಿಗೆ ಎಂದಿದ್ದರು. ಆಗ ಈ ಪ್ರದೇಶ ಅಸ್ಸಾಂ ರಾಜ್ಯದ ಒಂದು ಜಿಲ್ಲೆ. 1958ರ ಅಕ್ಟೋಬರ್‌ನಲ್ಲಿ ಮಿಜೋ ಜಿಲ್ಲಾ ಪರಿಷತ್ತು ಠರಾವು ಮಾಡಿ, ಮುನ್ನೆಚ್ಚರಿಕೆಯ ಕಾಮಗಾರಿಗಳಿಗಾಗಿ 15 ಲಕ್ಷ ರೂಪಾಯಿ ಕೊಡಿ ಎಂದು ಅಸ್ಸಾಂ ಸರ್ಕಾರವನ್ನು ಕೇಳಿತು. ಸರ್ಕಾರ ಅದನ್ನು ತಳ್ಳಿಹಾಕಿತು. ಹೂವಿಗೂ ಕ್ಷಾಮಕ್ಕೂ ಸಂಬಂಧ ಕಲ್ಪಿಸುವುದು ಗುಡ್ಡಗಾಡಿನವರ ಮೂಢನಂಬಿಕೆ, ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದು ಅಧಿಕಾರಿಗಳ ಧೋರಣೆಯಾಗಿತ್ತು.

ವಿಜ್ಞಾನ ಓದಿದ ನನಗೆ ಈ ಮಾತು ವಿಶೇಷವಾಗಿ ಯೋಚನೆಗೆ ಹಚ್ಚುತ್ತದೆ. ಮತ್ತೆ ಮತ್ತೆ ನೋಡಿ, ನೆನಪಿಟ್ಟು, ಮುಂದೆ ಏನಾಗುವುದೆಂದು ಹೇಳುವುದು ವಿಜ್ಞಾನದ ಮೊದಲ ಮೆಟ್ಟಿಲಲ್ಲವೇ? ಮಿಜೋ ಹಿರಿಯರು ಮಾಡಿದ್ದು ಅದನ್ನೇ. ಪರೀಕ್ಷಿಸಿ ನೋಡದೆ ಅಲ್ಲಗಳೆದವರೇ ಇಲ್ಲಿ ಅವೈಜ್ಞಾನಿಕವಾಗಿ ನಡೆದುಕೊಂಡರು. 1959ರಲ್ಲಿ ಬಿದಿರು ಹೂಬಿಟ್ಟಿತು. ಇಲಿಗಳು ಬಂದವು. ಜನ ಕಾಡಿನ ಗೆಡ್ಡೆಗೆಣಸು ಅಗೆದು ತಿಂದರು. ರಸ್ತೆಗಳೇ ಇಲ್ಲದ ಬೆಟ್ಟಗಳಿಗೆ ಅಕ್ಕಿ ತಲುಪುವುದು ತಡವಾಯಿತು, ತಲುಪಿದ್ದೂ ಸಾಲಲಿಲ್ಲ.

ಆಗ ಯುವಕರು ಸೇರಿ 1960ರಲ್ಲಿ ಮಿಜೋ ರಾಷ್ಟ್ರೀಯ ಕ್ಷಾಮ ರಂಗ ಎಂಬ ಸಂಘಟನೆ ಕಟ್ಟಿದರು. ಬೆನ್ನ ಮೇಲೆ ಅಕ್ಕಿ ಹೊತ್ತು ದೂರದ ಹಳ್ಳಿಗಳಿಗೆ ಮುಟ್ಟಿಸಿದರು. ಅವರ ಮುಂದಾಳು ಲಾಲ್‌ಡೆಂಗಾ. ಹಿಂದೆ ಭಾರತೀಯ ಸೇನೆಯಲ್ಲಿ ಹವಾಲ್ದಾರರಾಗಿದ್ದವರು. ಅದೇ ವರ್ಷ ಅಸ್ಸಾಂ ಸರ್ಕಾರ ಅಸ್ಸಾಮಿ ಭಾಷೆಯನ್ನು ರಾಜ್ಯದ ಅಧಿಕೃತ ಭಾಷೆಯಾಗಿ ಮಾಡಿತು. ಹಸಿವಿನ ನೋವಿಗೆ ಭಾಷೆಯ ಆತಂಕವೂ ಸೇರಿತು. 1961ರ ಅಕ್ಟೋಬರ್ 22ರಂದು 'ಕ್ಷಾಮ' ಎಂಬ ಪದ ಬಿದ್ದುಹೋಗಿ ಸಂಘಟನೆಯ ಹೆಸರು ಮಿಜೋ ರಾಷ್ಟ್ರೀಯ ರಂಗ ಎಂದಾಯಿತು. ಅದು ರಾಜಕೀಯ ಪಕ್ಷವಾಯಿತು. ಅದರ ಗುರಿ ಸ್ವಾತಂತ್ರ್ಯ. ಆದರೆ ಮಿಜೋಗಳೆಲ್ಲರೂ ಅದನ್ನೇ ಬಯಸಿದ್ದರು ಎಂದು ತಿಳಿಯಬಾರದು. ಹಳೆಯ ಪಕ್ಷವಾದ ಮಿಜೋ ಯೂನಿಯನ್ ಕೇಳುತ್ತಿದ್ದುದು ಭಾರತದೊಳಗೇ ಪ್ರತ್ಯೇಕ ರಾಜ್ಯವನ್ನು.

1966ರ ಫೆಬ್ರವರಿ 28ರ ರಾತ್ರಿ ರಂಗದ ಸಶಸ್ತ್ರ ದಳಗಳು ಐಜಾಲ್, ಲುಂಗ್ಲೈ ಮೊದಲಾದ ಕಡೆ ಅಸ್ಸಾಂ ರೈಫಲ್ಸ್ ಠಾಣ್ಯಗಳ ಮೇಲೆ, ಸರ್ಕಾರಿ ಕಚೇರಿಗಳ ಮೇಲೆ ದಾಳಿ ಮಾಡಿದವು. ಮರುದಿನ ಸ್ವಾತಂತ್ರ್ಯ ಘೋಷಣೆ. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಆಗಿನ್ನೂ ಆರು ವಾರವೂ ಆಗಿರಲಿಲ್ಲ. ಜಿಲ್ಲೆಯನ್ನು ಗಲಭೆಪೀಡಿತ ಪ್ರದೇಶವೆಂದು ಸಾರಲಾಯಿತು. ಮಾರ್ಚ್ 5ರಂದು ವಾಯುಪಡೆಯ ವಿಮಾನಗಳು ಐಜಾಲ್ ಪಟ್ಟಣದ ಮೇಲೆ ಗುಂಡು, ಬಾಂಬುಗಳ ಸುರಿಮಳೆಗರೆದವು. ಪಟ್ಟಣದ ಹಲವು ಭಾಗಗಳು ಸುಟ್ಟುಹೋದವು, ಜನ ಕಾಡಿಗೆ ಓಡಿದರು. ಸ್ವತಂತ್ರ ಭಾರತದಲ್ಲಿ ಸರ್ಕಾರ ತನ್ನದೇ ನೆಲದ ಪಟ್ಟಣದ ಮೇಲೆ ವಿಮಾನದಾಳಿ ನಡೆಸಿದ್ದು ಅದೊಂದೇ ಸಲ. ವಿಮಾನಗಳು ಹೋದದ್ದು ಜನರನ್ನೂ ಸಾಮಗ್ರಿಯನ್ನೂ ಇಳಿಸಲು ಎಂದು ಸರ್ಕಾರ ಆಗ ಹೇಳಿತು. ಸ್ಥಳಕ್ಕೆ ಹೋಗಿ ಬಂದ ಖಾಸಿ ಬೆಟ್ಟಗಳ ಶಾಸಕರು ಅಸ್ಸಾಂ ವಿಧಾನಸಭೆಯಲ್ಲಿ ಬೇರೆಯೇ ಚಿತ್ರ ಕೊಟ್ಟರು.

ಸೇನೆ ಕೆಲವೇ ದಿನಗಳಲ್ಲಿ ಪಟ್ಟಣಗಳನ್ನು ಮರಳಿ ಹಿಡಿಯಿತು. ಬಂಡುಕೋರರು ಕಾಡು ಸೇರಿದರು. ಗಡಿಯಾಚೆ ಆಗಿನ ಪೂರ್ವ ಪಾಕಿಸ್ತಾನದಲ್ಲಿ ನೆಲೆ ಕಂಡುಕೊಂಡರು. ಅವರಿಗೆ ಹಳ್ಳಿಗಳಿಂದ ಅನ್ನ ಸಿಗದಂತೆ ಮಾಡಲು 1967ರಲ್ಲಿ ಹಳ್ಳಿಗಳ ಒಗ್ಗೂಡಿಕೆ ಆರಂಭವಾಯಿತು. ಬ್ರಿಟಿಷರು ಮಲಯಾದಲ್ಲಿ ಬಳಸಿದ್ದ ಉಪಾಯವಿದು. ಮೊದಲ ಹಂತದಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳ ಜನರನ್ನು ಹೆದ್ದಾರಿಯ ಪಕ್ಕದ 18 ಕೇಂದ್ರಗಳಿಗೆ ಸಾಗಿಸಿದರು. ಹೊರಬಲ್ಲಷ್ಟನ್ನು ಹೊತ್ತುಕೊಂಡು ಹೊರಡಬೇಕು. ಹಿಂದೆ ಉಳಿದ ಮನೆಗಳಿಗೆ ಬೆಂಕಿ. ಮುಂದಿನ ಹಂತಗಳಲ್ಲಿ ಜಿಲ್ಲೆಯ ಬಹುಪಾಲು ಜನ ಹೀಗೆ ಊರು ಕಳೆದುಕೊಂಡರು. ಬೇಲಿ, ಕರ್ಫ್ಯೂ, ಗುರುತಿನ ಚೀಟಿಗಳ ನಡುವೆ ದೂರದ ಬೆಟ್ಟದ ಬೇಸಾಯ ಸಾಧ್ಯವಾಗಲಿಲ್ಲ. ಕ್ಷಾಮದಿಂದ ಹುಟ್ಟಿದ ಬಂಡಾಯವನ್ನು ಅಡಗಿಸುವ ಕ್ರಮವೇ ಜನರನ್ನು ಮತ್ತೆ ಪಡಿತರಕ್ಕೆ ಕೈಚಾಚುವಂತೆ ಮಾಡಿತು. ಇತ್ತ ಬಂಡುಕೋರರ ಕೈಯೂ ಶುದ್ಧವಾಗಿರಲಿಲ್ಲ. ಮಾಹಿತಿದಾರರೆಂದು ಸಂಶಯ ಬಂದ ಮಿಜೋಗಳನ್ನೇ ಕೊಂದರು. 1975ರ ಜನವರಿಯಲ್ಲಿ ಐಜಾಲಿನ ಪೊಲೀಸ್ ಕೇಂದ್ರ ಕಚೇರಿಗೇ ನುಗ್ಗಿ ಮೂವರು ಹಿರಿಯ ಅಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಎರಡೂ ಕಡೆಯ ಬಂದೂಕುಗಳ ನಡುವೆ ನಲುಗಿದವರು ಸಾಮಾನ್ಯ ಜನ.

ತಿರುವು ಬಂದದ್ದು ನಿಧಾನವಾಗಿ. 1971ರಲ್ಲಿ ಬಾಂಗ್ಲಾದೇಶ ಹುಟ್ಟಿದಾಗ ಬಂಡುಕೋರರ ನೆಲೆ ಕೈತಪ್ಪಿತು. 1972ರ ಜನವರಿ 21ರಂದು ಜಿಲ್ಲೆಯನ್ನು ಅಸ್ಸಾಂನಿಂದ ಬೇರ್ಪಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಮಿಜೋಗಳಿಗೆ ತಮ್ಮದೇ ವಿಧಾನಸಭೆ ಸಿಕ್ಕಿತು. ಚರ್ಚಿನ ಹಿರಿಯರು ಎರಡೂ ಕಡೆ ಓಡಾಡಿ ಮಾತುಕತೆಯ ಬಾಗಿಲು ಮುಚ್ಚದಂತೆ ನೋಡಿಕೊಂಡರು. 1976ರಲ್ಲಿ ದೆಹಲಿಯಲ್ಲಿ ಒಂದು ಒಪ್ಪಂದವಾಯಿತು, ಅದು ನಿಲ್ಲಲಿಲ್ಲ. ಲಾಲ್‌ಡೆಂಗಾ ಅವರು ಇಂದಿರಾ ಗಾಂಧಿಯವರನ್ನು ಭೇಟಿ ಮಾಡಬೇಕಾಗಿದ್ದ ದಿನ 1984ರ ಅಕ್ಟೋಬರ್ 31. ಅಂದು ಬೆಳಿಗ್ಗೆಯೇ ಇಂದಿರಾ ಅವರ ಹತ್ಯೆಯಾಯಿತು. ಆದರೂ ಮಾತುಕತೆ ಮುರಿಯಲಿಲ್ಲ. ರಾಜೀವ್ ಗಾಂಧಿಯವರ ಕಾಲದಲ್ಲಿ, 1986ರ ಜೂನ್ 30ರಂದು ಮಿಜೋ ಒಪ್ಪಂದಕ್ಕೆ ಸಹಿ ಬಿತ್ತು.

ಈ ಒಪ್ಪಂದದಲ್ಲಿ ಯಾರು ಏನು ಬಿಟ್ಟುಕೊಟ್ಟರು ಎಂಬುದನ್ನು ಗಮನಿಸಿ. ರಂಗ ಸ್ವಾತಂತ್ರ್ಯದ ಬೇಡಿಕೆಯನ್ನೂ ಶಸ್ತ್ರಗಳನ್ನೂ ಬಿಟ್ಟಿತು. ಕೇಂದ್ರ ಪೂರ್ಣ ರಾಜ್ಯದ ಸ್ಥಾನ ಕೊಟ್ಟಿತು. ಸಂವಿಧಾನಕ್ಕೆ 371-ಜಿ ಎಂಬ ವಿಧಿ ಸೇರಿತು: ಮಿಜೋಗಳ ಧಾರ್ಮಿಕ ಮತ್ತು ಸಾಮಾಜಿಕ ಆಚರಣೆ, ರೂಢಿಯ ಕಾನೂನು, ಭೂಮಿಯ ಒಡೆತನ ಇವುಗಳ ಬಗ್ಗೆ ಸಂಸತ್ತು ಮಾಡುವ ಕಾನೂನು, ಮಿಜೋರಾಂ ವಿಧಾನಸಭೆ ಒಪ್ಪಿದರೆ ಮಾತ್ರ ಅಲ್ಲಿ ಜಾರಿಗೆ ಬರುತ್ತದೆ. ಮೂರನೆಯ ತ್ಯಾಗವೊಂದಿದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ. ಆಗ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಲಾಲ್ ತನ್ಹಾವ್ಲಾ ಅವರು ಕುರ್ಚಿಯಿಂದ ಇಳಿದು, ಲಾಲ್‌ಡೆಂಗಾ ಅವರ ಕೈಕೆಳಗೆ ಉಪಮುಖ್ಯಮಂತ್ರಿಯಾದರು. 1987ರ ಫೆಬ್ರವರಿ 20ರಂದು ಮಿಜೋರಾಂ ದೇಶದ 23ನೆಯ ರಾಜ್ಯವಾಯಿತು. ಮುಂದೆ ಅಲ್ಲಿ ಸರ್ಕಾರಗಳು ಬದಲಾದದ್ದು ಮತಪೆಟ್ಟಿಗೆಯಿಂದ. ಒಮ್ಮೆ ನಿಷೇಧಿತವಾಗಿದ್ದ ಸಂಘಟನೆ ಚುನಾವಣೆಯಲ್ಲಿ ಗೆದ್ದದ್ದೂ ಉಂಟು, ಸೋತು ಮನೆಗೆ ಹೋದದ್ದೂ ಉಂಟು.

ಎಲ್ಲವೂ ಸರಿಹೋಯಿತೆಂದಲ್ಲ. ಮಿಜೋರಾಂನೊಳಗಿನ ಅಲ್ಪಸಂಖ್ಯಾತ ಬ್ರೂ ಜನ ತಮಗೂ ಸ್ವಾಯತ್ತ ಜಿಲ್ಲೆ ಬೇಕೆಂದು ಕೇಳಿದಾಗ ಘರ್ಷಣೆಯಾಗಿ, 1997ರಲ್ಲಿ ಸಾವಿರಾರು ಮಂದಿ ತ್ರಿಪುರಾಕ್ಕೆ ಓಡಿಹೋದರು. ಅವರನ್ನು ಅಲ್ಲೇ ನೆಲೆಗೊಳಿಸುವ ಒಪ್ಪಂದವಾದದ್ದು 2020ರಲ್ಲಿ. ತಮ್ಮ ಮಾತನ್ನು ಯಾರೂ ಕೇಳಲಿಲ್ಲ ಎಂದು ಒಂದು ಕಾಲದಲ್ಲಿ ಎದ್ದ ಜನರಿಗೂ ಚಿಕ್ಕವರ ಮಾತನ್ನು ಕೇಳುವುದು ಸುಲಭವಾಗಲಿಲ್ಲ. ಇದು ಮನುಷ್ಯರಾದ ನಮ್ಮೆಲ್ಲರ ಕಷ್ಟ.

2007ರ ಸುಮಾರಿಗೆ ಬಿದಿರು ಮತ್ತೆ ಹೂಬಿಟ್ಟಿತು. ಈ ಸಲ ಯಾರೂ ಮೂಢನಂಬಿಕೆ ಎನ್ನಲಿಲ್ಲ. ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ವರ್ಷಗಳ ಮೊದಲೇ ಯೋಜನೆ ಹಾಕಿದವು. ಇಲಿಯ ಬಾಲ ತಂದವರಿಗೆ ಹಣ ಕೊಟ್ಟರು. ಬೇರೆ ಬೆಳೆ ಬೆಳೆಯಲು ರೈತರನ್ನು ಪ್ರೋತ್ಸಾಹಿಸಿದರು. ಹೊರಗಿನಿಂದ ಅಕ್ಕಿ ತರಿಸಿದರು. ಬೆಳೆ ಬಹಳಷ್ಟು ಹಾಳಾಯಿತು, ಜನ ಕಷ್ಟಪಟ್ಟರು. ಆದರೆ ಬಂದೂಕು ಹಿಡಿದು ಯಾರೂ ಕಾಡಿಗೆ ಹೋಗಲಿಲ್ಲ.

ದೇಶವನ್ನು ಒಡೆಯುವ ಮಾತು ಕೇಳಿದಾಗ ನಮಗೆ ಸಿಟ್ಟು ಬರುವುದು ಸಹಜ. ಸರ್ಕಾರಕ್ಕೆ ನಾಡನ್ನು ಕಾಯುವ ಹೊಣೆಯೂ ಇದೆ. ಆದರೆ ಆ ಮಾತು ಹುಟ್ಟುವ ಮೊದಲು ಅದೇ ಜನ ಏನು ಕೇಳಿದ್ದರು, ಯಾರನ್ನು ಕೇಳಿದ್ದರು, ಏನು ಉತ್ತರ ಸಿಕ್ಕಿತ್ತು ಎಂಬುದನ್ನು ಚರಿತ್ರೆಯ ಪುಟಗಳಲ್ಲಿ ಹುಡುಕಿ ನೋಡಿ. ಮಿಜೋ ಬೆಟ್ಟಗಳಲ್ಲಿ ಜನ ಮೊದಲು ಕೇಳಿದ್ದು 15 ಲಕ್ಷ ರೂಪಾಯಿ ಮಾತ್ರ. ಮುಂದಿನ ಮೌತಾಮ್ 2055ರ ಆಸುಪಾಸಿನಲ್ಲಿ ಬರಬೇಕು. ಆ ಹೊತ್ತಿಗೆ ಕಚೇರಿಗಳಲ್ಲಿ ಕುಳಿತು ಅರ್ಜಿಗಳನ್ನು ಓದುವವರು ನೀವು, ನಿಮ್ಮ ಓರಗೆಯವರು. ದೂರದ ಮೂಲೆಯಿಂದ ಬಂದ ಅರ್ಜಿಯನ್ನು ಆಗ ದಯವಿಟ್ಟು ಪೂರ್ತಿ ಓದಿ.