ತೊಗರಿ ತರುವ ಹಡಗು, ಅಕ್ಕಿ ಒಯ್ಯುವ ಹಡಗು



ಸಿಂಧನೂರು, ಮಸ್ಕಿ, ಲಿಂಗಸುಗೂರು. ರಾಯಚೂರು ಜಿಲ್ಲೆಯ ಈ ಮೂರೂ ಊರು ಒಂದೇ ರಸ್ತೆಯ ಮೇಲಿವೆ. ಆದರೆ ಬೆಳೆ ಒಂದಲ್ಲ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ನಾಲೆಯ ನೀರು, ಅದರಿಂದಾಗಿ ಭತ್ತ, ಸಾಲುಸಾಲು ಅಕ್ಕಿ ಗಿರಣಿ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ನಡೆದರೆ ಎರಿ ಹೊಲ, ಮಳೆಯನ್ನೇ ನಂಬಿದ ಬೇಸಾಯ. ತೊಗರಿ, ಹತ್ತಿ, ಸಜ್ಜೆ, ಸೂರ್ಯಕಾಂತಿ. ಈ ಎರಡೂ ಬಗೆಯ ಹೊಲಗಳಿಗೆ ಆಫ್ರಿಕಾ ಖಂಡದೊಂದಿಗೆ ನಂಟಿದೆ. ಅಕ್ಕಿಯ ವಿಷಯದಲ್ಲಿ ನಾವು ಮಾರುವವರು, ತೊಗರಿಯ ವಿಷಯದಲ್ಲಿ ಕೊಳ್ಳುವವರು. ಇವತ್ತಿನ ಮಾತು ಈ ನಂಟಿನ ಬಗ್ಗೆ.

ಅಭಿವೃದ್ಧಿಶೀಲ ದೇಶಗಳು ತಮ್ಮತಮ್ಮಲ್ಲೇ ನಡೆಸುವ ವ್ಯಾಪಾರವನ್ನು ಅರ್ಥಶಾಸ್ತ್ರಜ್ಞರು ದಕ್ಷಿಣ–ದಕ್ಷಿಣ ವ್ಯಾಪಾರ ಎನ್ನುತ್ತಾರೆ. ವಸಾಹತು ಕಾಲದಲ್ಲಿ ಹಡಗುಗಳ ದಾರಿಯೆಲ್ಲ ಯುರೋಪಿನ ಕಡೆಗೇ ಇತ್ತು. ಸ್ವಾತಂತ್ರ್ಯ ಪಡೆದ ದೇಶಗಳು 1955ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದಾಗ, ನಾವು ನಾವೇ ಕೊಟ್ಟು ಕೊಳ್ಳಬೇಕು ಎಂಬ ಮಾತು ಬಲವಾಗಿ ಕೇಳಿತು. 1988ರಲ್ಲಿ ಬೆಲ್‌ಗ್ರೇಡಿನಲ್ಲಿ, ಪರಸ್ಪರ ಆಮದು ಸುಂಕ ತಗ್ಗಿಸಿಕೊಳ್ಳುವ ಒಪ್ಪಂದಕ್ಕೂ ಸಹಿ ಬಿತ್ತು. ಇಂದು ಜಗತ್ತಿನ ಸರಕು ವ್ಯಾಪಾರದಲ್ಲಿ ಕಾಲುಭಾಗದಷ್ಟು ಇಂಥ ದೇಶಗಳ ನಡುವೆಯೇ ನಡೆಯುತ್ತದೆ. ಅದರಲ್ಲಿ ದೊಡ್ಡ ಪಾಲು ಏಷ್ಯಾದೊಳಗಿನದು. ಖಂಡ ದಾಟಿ ಹೋಗುವುದು ಅದಕ್ಕಿಂತ ಕಡಿಮೆ; ಆದರೆ ಊಟದ ತಟ್ಟೆಗೆ ನೇರವಾಗಿ ತಟ್ಟುವಂಥದ್ದು.

ಮೊದಲು ತೊಗರಿ. ಇದು ಭಾರತದ ನೆಲದಲ್ಲೇ ಹುಟ್ಟಿದ ಬೆಳೆ. ಇಲ್ಲಿಂದ ಆಫ್ರಿಕಾಕ್ಕೆ ಹೋಯಿತು. ನಮ್ಮ ರೊಟ್ಟಿಯ ಜೋಳ, ಸಜ್ಜೆ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಇಲ್ಲಿಗೆ ಬಂದವು. ಇಂದು ಮೊಜಾಂಬಿಕ್, ಟಾಂಜಾನಿಯಾ, ಮಲಾವಿ ದೇಶಗಳ ಸಣ್ಣ ರೈತರು ತೊಗರಿ ಬೆಳೆಯುತ್ತಾರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 45 ಲಕ್ಷ ಟನ್ ತೊಗರಿ ಬೇಕು, ಬೆಳೆಯುವುದು 35 ಲಕ್ಷ ಟನ್ನಿನ ಆಸುಪಾಸು. ಈ ಕೊರತೆ ತುಂಬಲು ಆಫ್ರಿಕಾ ಮತ್ತು ಮ್ಯಾನ್ಮಾರ್‌ನ ತೊಗರಿ ಬರುತ್ತದೆ. ಭೂಮಧ್ಯರೇಖೆಯ ಆಚೆಗೆ ಋತುಗಳು ತಿರುಗುಮುರುಗು. ಮೊಜಾಂಬಿಕ್‌ನ ಬೆಳೆ ಕಟಾವಾಗುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ನಮ್ಮ ಹೊಲದಲ್ಲಿ ಆಗ ತೊಗರಿ ಇನ್ನೂ ಹಸಿರಾಗಿರುತ್ತದೆ, ಹಳೆಯ ದಾಸ್ತಾನು ತೀರುತ್ತಾ ಬಂದಿರುತ್ತದೆ. ಬೇಳೆ ತುಟ್ಟಿಯಾಗುವ ಆ ತಿಂಗಳುಗಳಲ್ಲಿ ಹಡಗು ಬಂದರೆ ಕೊಳ್ಳುವವರಿಗೆ ಅನುಕೂಲ. ಅದೇ ಸರಕು ಡಿಸೆಂಬರ್, ಜನವರಿವರೆಗೂ ಬರುತ್ತಿದ್ದರೆ, ಲಿಂಗಸುಗೂರಿನ ರೈತ ಮೂಟೆ ಹೊತ್ತು ಎಪಿಎಂಸಿಗೆ ಬರುವ ಹೊತ್ತಿಗೆ ದರ ಇಳಿದಿರುತ್ತದೆ.

2015ರ ಕೊನೆಯಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಸಮೀಪ ಹೋಗಿತ್ತು. ಅದರ ಬೆನ್ನಿಗೇ, 2016ರಲ್ಲಿ, ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು: ಐದು ವರ್ಷಗಳಲ್ಲಿ ಬೇಳೆಕಾಳಿನ ಖರೀದಿಯನ್ನು ವರ್ಷಕ್ಕೆ 2 ಲಕ್ಷ ಟನ್ನಿಗೆ ಏರಿಸುವುದು. ದರ ಕಂಡ ಇಲ್ಲಿಯ ರೈತರೂ ಬಿತ್ತಿದರು, ಅಲ್ಲಿಯ ರೈತರೂ ಬಿತ್ತಿದರು. ಮಳೆಯೂ ಕೈಹಿಡಿಯಿತು. 2017ರ ಆರಂಭಕ್ಕೆ ನಮ್ಮ ಮಾರುಕಟ್ಟೆಯಲ್ಲಿ ತೊಗರಿ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಸಾಲು ಬೆಳೆಯಿತು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿತು. ಇಲ್ಲಿಯ ರೈತರಿಗೆ ಅದು ಬೇಕಿದ್ದ ಕ್ರಮವೇ. ಆದರೆ ಮೊಜಾಂಬಿಕ್‌ನಲ್ಲಿ ಆಗ ಬೆಳೆ ಕೊಯ್ಲಿಗೆ ನಿಂತಿತ್ತು. ಅವರಿಗೆ ಭಾರತ ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಗಿರಾಕಿಯಿಲ್ಲ. ಅಲ್ಲಿಯ ಹಳ್ಳಿಗಳಲ್ಲಿ ದರ ನೆಲಕಚ್ಚಿತು. ಒಂದೇ ವರ್ಷದಲ್ಲಿ, ಒಂದೇ ಬೆಳೆಯಲ್ಲಿ, ಸಮುದ್ರದ ಎರಡೂ ದಡದ ಒಣಬೇಸಾಯದ ರೈತ ಸೋತ.

ಈಗ ಅಕ್ಕಿ. ಇಲ್ಲಿ ಪಾತ್ರ ಅದಲುಬದಲು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಭಾರತದ ಪಾಲು ಸುಮಾರು ಶೇ. 40. ಬಾಸ್ಮತಿಯಲ್ಲದ ಅಕ್ಕಿಗೆ ಪಶ್ಚಿಮ ಆಫ್ರಿಕಾ ದೊಡ್ಡ ಗಿರಾಕಿ. ಬೆನಿನ್ ದೇಶದವರು ಕುಸುಬಲಕ್ಕಿ ಕೊಳ್ಳುತ್ತಾರೆ. ಸೆನೆಗಲ್‌ನವರಿಗೆ ನುಚ್ಚಕ್ಕಿಯೇ ಬೇಕು; ಫ್ರೆಂಚರ ಆಳ್ವಿಕೆಯಲ್ಲಿ ಇಂಡೋಚೈನಾದಿಂದ ಬರುತ್ತಿದ್ದ ನುಚ್ಚಿಗೆ ಒಗ್ಗಿದ ನಾಲಿಗೆ ಅದು. ಮೀನು ಹಾಕಿ ಬೇಯಿಸುವ ಅವರ ನೆಚ್ಚಿನ ಅನ್ನ ನುಚ್ಚಿನದೇ. ಸಿಂಧನೂರಿನ ಸೋನಾ ಮಸೂರಿ ಮುಖ್ಯವಾಗಿ ನಮ್ಮವರ ಅಡುಗೆಮನೆಗೆ ಹೋಗುವ ಅಕ್ಕಿ, ನಿಜ. ಆದರೂ ಕಾಕಿನಾಡ ಬಂದರಿನಲ್ಲಿ ಹಡಗು ತುಂಬುತ್ತಿದ್ದರೆ ಭತ್ತಕ್ಕೆಲ್ಲ ಬೇಡಿಕೆ ಬಿಗಿಯಾಗುತ್ತದೆ. ಹಡಗು ನಿಂತರೆ ಆ ಅಕ್ಕಿ ಒಳನಾಡಿನ ಮಾರುಕಟ್ಟೆಗೆ ತಿರುಗುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿ ರಫ್ತು ನಿಂತಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತೂ ನಿಂತಿತು. ಮುಂದಿನ ತಿಂಗಳು ಕುಸುಬಲಕ್ಕಿಗೆ ಶೇ. 20 ಸುಂಕ ಬಿತ್ತು. ದೇಶದೊಳಗೆ ಅಕ್ಕಿ ತುಟ್ಟಿಯಾಗಬಾರದು ಎಂಬುದು ಕಾರಣ. ಉಣ್ಣುವವರ ದೃಷ್ಟಿಯಿಂದ ಅದು ಸುಳ್ಳಲ್ಲ. ಆಫ್ರಿಕಾದ ದೇಶಗಳು ಒಂದೊಂದಾಗಿ ದೆಹಲಿಗೆ ಮನವಿ ಮಾಡಿ, ಇಷ್ಟು ಟನ್ ಎಂದು ಪಡೆದುಕೊಳ್ಳಬೇಕಾಯಿತು. ಬಿಳಿ ಅಕ್ಕಿಗೆ ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್‌ನಲ್ಲಿ, ನುಚ್ಚಿಗೆ 2025ರ ಮಾರ್ಚ್‌ನಲ್ಲಿ. 2017ರಲ್ಲಿ ಮೊಜಾಂಬಿಕ್‌ನ ರೈತನಿಗೆ ಆದದ್ದೇ ಇಲ್ಲಿ ನಮ್ಮ ಭತ್ತದ ರೈತನಿಗೂ ಆಯಿತು: ಕೊಳ್ಳುವವನಿದ್ದಾನೆ, ಮಾರುವ ದಾರಿ ಮುಚ್ಚಿದೆ.

ಹಾಗಾದರೆ ಈ ವ್ಯಾಪಾರವೇ ಬೇಡವೆನ್ನೋಣವೆ? ಅಕ್ಕಿಗೆ ಗಿರಾಕಿ ಬೇಕು, ತೊಗರಿಯ ಕೊರತೆ ತುಂಬಬೇಕು. ಬೇಡವೆಂದರೆ ಎರಡೂ ಕೆಡುತ್ತವೆ. ತೊಂದರೆ ಇರುವುದು ಬಾಗಿಲು ತೆರೆಯುವುದರಲ್ಲೂ ಅಲ್ಲ, ಮುಚ್ಚುವುದರಲ್ಲೂ ಅಲ್ಲ. ಯಾವಾಗ ಎಂದು ಮೊದಲೇ ತಿಳಿಸದಿರುವುದರಲ್ಲಿ. 2017ರ ಮಿತಿ ತೆರವಾದ ಮೇಲೆ ಬಂದ ತೊಗರಿಯ ಮುಕ್ತ ಆಮದನ್ನು 2025ರ ಮಾರ್ಚ್‌ವರೆಗೆ ವಿಸ್ತರಿಸಿದ ಆದೇಶ ಹೊರಬಿದ್ದದ್ದು 2023ರ ಡಿಸೆಂಬರ್ ಕೊನೆಗೆ. 2026ರ ಮಾರ್ಚ್‌ವರೆಗೆ ಮತ್ತೆ ವಿಸ್ತರಿಸಿದ್ದು 2025ರ ಜನವರಿಯಲ್ಲಿ. ಎರಡು ಸಲವೂ ನಮ್ಮ ತೊಗರಿ ಕಣದಿಂದ ಮಾರುಕಟ್ಟೆಗೆ ಬರುವ ಹೊತ್ತು. ಆ ಎರಡನೆಯ ಹಂಗಾಮಿನಲ್ಲಿ ಬೆಂಬಲ ಬೆಲೆ 7,550 ರೂಪಾಯಿ ಇತ್ತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಅದನ್ನು 8,000ಕ್ಕೆ ಮುಟ್ಟಿಸಬೇಕಾಯಿತು.

ಲಿಂಗಸುಗೂರಿನಲ್ಲಿ ತೊಗರಿ ಬಿತ್ತನೆ ಜೂನ್, ಜುಲೈನಲ್ಲಿ. ಮೊಜಾಂಬಿಕ್‌ನಲ್ಲಿ ಬಿತ್ತನೆ ವರ್ಷದ ಕೊನೆಗೆ ಬರುವ ಮಳೆಗೆ. ಮುಂದಿನ ವರ್ಷ ಎಷ್ಟು ಆಮದು, ಯಾವ ತಿಂಗಳವರೆಗೆ, ಎಷ್ಟು ಸುಂಕ ಎಂಬುದು ಮೇ ತಿಂಗಳೊಳಗೆ ಗೊತ್ತಾದರೆ, ಮಸ್ಕಿಯ ರೈತ ತೊಗರಿಯೋ ಹತ್ತಿಯೋ ಎಂದು ಲೆಕ್ಕ ಹಾಕಿ ಬಿತ್ತಬಹುದು. ಅಲ್ಲಿಯ ರೈತನಿಗೂ ಬಿತ್ತುವ ಮುಂಚೆ ಆರು ತಿಂಗಳು ಸಿಗುತ್ತವೆ. ಅಕ್ಕಿಗೂ ಇದೇ ಮಾತು. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಆದೇಶದ ತಾರೀಖು ಬಿತ್ತನೆಯ ತಾರೀಖಿಗಿಂತ ಮುಂಚಿನದಾಗಿರಬೇಕು, ಅಷ್ಟೆ.