ಅಚ್ಚೊತ್ತಿದ್ದೆಲ್ಲ ನಾಣ್ಯವಲ್ಲ



ನಿಮ್ಮ ಮನೆಯ ದೇವರ ಗೂಡಿನಲ್ಲಿ ಅರಿಸಿನ ಕುಂಕುಮ ಹತ್ತಿದ ಬಿಲ್ಲೆಯೊಂದು ಇರಬಹುದು. ಒಂದು ಮುಖದಲ್ಲಿ ಸಿಂಹಾಸನದ ಮೇಲೆ ಸೀತಾರಾಮರು, ಪಕ್ಕದಲ್ಲಿ ಹನುಮಂತ. ಇನ್ನೊಂದು ಮುಖದಲ್ಲಿ ಬಿಲ್ಲು ಹಿಡಿದ ರಾಮಲಕ್ಷ್ಮಣರು. ಇದೇ ರಾಮಟಂಕ.

ಅಜ್ಜಂಪುರ ಸೀಮೆಯ ಬುಕ್ಕಾಂಬುಧಿಯಲ್ಲಿ ಇಂಥ ಬಿಲ್ಲೆ ಕೈಗೆ ಸಿಕ್ಕರೆ ಮನಸ್ಸು ಎಲ್ಲಿಗೆ ಓಡೀತು? ಊರ ಹೆಸರಿನಲ್ಲೇ ಬುಕ್ಕನಿದ್ದಾನೆ. ವಿಜಯನಗರದ ಮೊದಮೊದಲ ನಾಣ್ಯಗಳ ಮೇಲೆ ಹನುಮಂತನೂ ಇದ್ದಾನೆ. ‘ಇದು ಬುಕ್ಕರಾಯನ ಕಾಲದ್ದು, ಲಕ್ಷಗಟ್ಟಲೆ ಬಾಳುತ್ತದೆ’ ಎನ್ನಲು ಒಬ್ಬ ಸಿಕ್ಕರೆ ಸಾಕು.

ಆದರೆ ರಾಮಟಂಕ ಸಂತೆಯಲ್ಲಿ ಕೈಬದಲಾಗಲು ಹುಟ್ಟಿದ್ದಲ್ಲ, ಪೂಜೆಗಾಗಿ ಹುಟ್ಟಿದ್ದು. ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದು ದೇವರ ಚಿತ್ರ ಒತ್ತಿದ ತಾಮ್ರದ ಆಣೆ ಬಿಲ್ಲೆಗಳೂ ಹೀಗೆಯೇ. ಕಂಪನಿ ಚಲಾವಣೆಗೆ ತಂದ ನಾಣ್ಯಗಳಲ್ಲಿ ಅವು ಇಲ್ಲ.

ಹಾಗಾದರೆ ಚಲಾವಣೆಗೆ ಬಾರದ್ದಕ್ಕೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಅಮೆರಿಕದಲ್ಲಿ 1933ರ ಇಸವಿಯ 20 ಡಾಲರ್ ಚಿನ್ನದ ನಾಣ್ಯಗಳು 4,45,500 ಅಚ್ಚಾದವು. ಚಲಾವಣೆಗೆ ಬಿಡದೆ ಅವನ್ನು ಕರಗಿಸಿದರು. ತಪ್ಪಿಸಿಕೊಂಡ ಕೆಲವೇ ನಾಣ್ಯಗಳಲ್ಲಿ ಒಂದು, 2021ರ ಹರಾಜಿನಲ್ಲಿ 1 ಕೋಟಿ 88 ಲಕ್ಷ ಡಾಲರಿಗೂ ಮೇಲೆ ಹೋಯಿತು. ನಮ್ಮ ಟಂಕಸಾಲೆಗಳೂ ಸಂಗ್ರಾಹಕರಿಗೆಂದೇ ನಾಣ್ಯ ತಯಾರಿಸುತ್ತವೆ. 2010ರ ಇಸವಿ ಹೊತ್ತ, ತಂಜಾವೂರಿನ ಬೃಹದೀಶ್ವರ ದೇವಾಲಯದ 1,000 ರೂಪಾಯಿ ನಾಣ್ಯ ಅಂಥದ್ದು.

ಇವುಗಳ ಬೆಲೆಗೆ ಆಧಾರವೇನು? ಯಾರು ಅಚ್ಚು ಹಾಕಿದರು, ಎಷ್ಟು ಹಾಕಿದರು ಎಂಬುದಕ್ಕೆ ದಾಖಲೆ ಇದೆ. ರಾಮಟಂಕಕ್ಕೆ ಆ ಲೆಕ್ಕವಿಲ್ಲ. ಅಚ್ಚು ಇದ್ದವರು ನಾಳೆಯೂ ಒತ್ತಬಹುದು, ಬೇಕಾದ ಇಸವಿ ಕೊರೆಯಬಹುದು. ಹಳೆಯ ಚಿನ್ನ, ಬೆಳ್ಳಿಯ ಕೆಲವು ರಾಮಟಂಕಗಳನ್ನು ಸಂಗ್ರಾಹಕರು ಕೊಳ್ಳುವುದುಂಟು. ಅದನ್ನು ಬಲ್ಲವರು ಪರೀಕ್ಷಿಸಿಯೇ ಹೇಳಬೇಕು.

ಇನ್ನು, ‘ಈ ಬಿಲ್ಲೆ ಅಕ್ಕಿಕಾಳು ಸೆಳೆಯುತ್ತದೆ, ಕೋಟಿ ಬರುತ್ತದೆ’ ಎನ್ನುವವರಿದ್ದಾರೆ. ತಾಮ್ರಕ್ಕೆ ಅಕ್ಕಿಯನ್ನು ಎಳೆಯುವ ಶಕ್ತಿಯಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ, ಮರೆಯಲ್ಲಿ ಅಯಸ್ಕಾಂತ ಇಟ್ಟರೆ ಯಾರು ಬೇಕಾದರೂ ಆ ಆಟ ತೋರಿಸಬಹುದು. ಆಟ ಮುಗಿದ ಮೇಲೆ ‘ಪರೀಕ್ಷೆಯ ಖರ್ಚು’ ಎಂದು ಕೈಚಾಚುತ್ತಾರೆ. ಮಗಳ ಮದುವೆಗೆ ಕೂಡಿಟ್ಟ ಹಣ ಹೋಗುವುದು ಅಲ್ಲಿಯೇ. ಹಳೆಯ ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿದೆ. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ.

ನಾಣ್ಯವೇ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅದರ ಬೆಲೆಯೂ ಉಜ್ಜಿಹೋಗುತ್ತದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಿ; ಅದಕ್ಕೆ ಕರ್ನಾಟಕದಲ್ಲಿ 1962ರ ಕಾಯ್ದೆಯೇ ಇದೆ.

ಅಜ್ಜಿ ಪೂಜಿಸಿದ ರಾಮಟಂಕವೇ ಆದರೆ, ಅದನ್ನು ಮತ್ತೆ ಗೂಡಿನಲ್ಲೇ ಇಡಿ. ಅದು ಹುಟ್ಟಿದ್ದೇ ಅಲ್ಲಿರಲು.